ಫಾಂಗ್ ಯೂನನಿಗೆ ಅನ್ನ ಬಡಿಸಿದವಳು

ದುರ್ಗಿಗುಡಿ, ಶಿವಮೊಗ್ಗ
8-9-1946

ಪ್ರಿಯ ಸುಬ್ಬಪ್ಪನಿಗೆ ಹೊನ್ನಯ್ಯನ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಬೆನ್ನುನೋವಿಗೆ ಪದ್ಮಮ್ಮ ಕಾಯಿಸಿ ಕೊಟ್ಟ ಎಣ್ಣೆ ಮುಗಿದಿದ್ದರೆ ಬರೆ, ಇನ್ನೊಂದು ಸೀಸೆ ಕಳಿಸುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಲ್ಕತ್ತೆಯಿಂದ ಬರುವ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಫಾಂಗ್ ಯೂನ್ ಎಂಬ ಚೀನೀ ಲೇಖಕನ ಪ್ರಬಂಧಗಳು ಒಂದು ವರ್ಷದಿಂದ ಪ್ರಕಟವಾಗುತ್ತಿವೆ. ತನ್ನ ಭಾಷೆಯಲ್ಲಿ ಬರೆದು, ತಾನೇ ಇಂಗ್ಲಿಷಿಗೆ ಮಾಡಿಕೊಡುತ್ತಾನಂತೆ. ನಾನು ಅವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಪ್ರಬಂಧಗಳು ನಮ್ಮ ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ಪೋಸ್ಟ್ ಮಾಸ್ತರರು ದಾರಿಯಲ್ಲಿ ನಿಲ್ಲಿಸಿ ಮುಂದಿನದು ಯಾವಾಗ ಎಂದು ಕೇಳುತ್ತಾರೆ. ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದೇನೆ, ನನ್ನನ್ನು ಯಾರೂ ಹಾಗೆ ನಿಲ್ಲಿಸಿ ಏನನ್ನೂ ಕೇಳಿರಲಿಲ್ಲ.

ಅವನ ಶೈಲಿ ವಿಚಿತ್ರವಾದದ್ದು. ಒಂದು ವಾಕ್ಯಕ್ಕೆ ಒಂದೇ ಕೆಲಸ. ಉಪಮೆಯಿಲ್ಲ, ಅಲಂಕಾರವಿಲ್ಲ. ದೇವರು ಎಂಬ ಶಬ್ದವನ್ನು ಹತ್ತು ಪ್ರಬಂಧಗಳಲ್ಲಿ ಒಮ್ಮೆಯೂ ಬಳಸಿಲ್ಲ, ಆದರೂ ಓದಿ ಮುಗಿಸಿದಾಗ ಕೈಮುಗಿಯಬೇಕೆನ್ನಿಸುತ್ತದೆ. ಹೇಳಬೇಕಾದ್ದನ್ನು ಹೇಳಿ ಮುಗಿಸುವ ಮೊದಲೇ ನಿಲ್ಲಿಸಿಬಿಡುತ್ತಾನೆ. ಮೊದಲ ಸಲ ಓದಿದಾಗ ಕೊನೆಯ ಪುಟವನ್ನು ಯಾರೋ ಹರಿದುಕೊಂಡಿದ್ದಾರೆ ಎಂದು ವಾಚನಾಲಯದವನ ಮೇಲೆ ರೇಗಿದೆ.

ಸಂಘದ ಕಾರ್ಯದರ್ಶಿ ಶಂಕರನಾರಾಯಣರು ಅಕ್ಟೋಬರ್ ಕೊನೆಯ ಭಾನುವಾರ ನನ್ನಿಂದ ಒಂದು ಪ್ರಬಂಧ ಓದಿಸುತ್ತಾರೆ. ವಿಷಯ: ಫಾಂಗ್ ಯೂನನ ಶೈಲಿ ಮತ್ತು ಅವನ ಮೇಲಾದ ಆಧ್ಯಾತ್ಮಿಕ ಪ್ರಭಾವಗಳು. ನಲವತ್ತು ಪುಟ ಆಗಲೇ ಬರೆದಿದ್ದೇನೆ. ಬೌದ್ಧರ ಧ್ಯಾನಮಾರ್ಗ, ಚೀನಾದ ಪ್ರಾಚೀನ ಋಷಿಗಳು, ನಮ್ಮ ಉಪನಿಷತ್ತುಗಳು, ಹೀಗೆ ಒಂಬತ್ತು ಪ್ರಭಾವಗಳನ್ನು ಗುರುತಿಸಿದ್ದೇನೆ. ಆ ಪಟ್ಟಿಯನ್ನೂ ಬರೆದು, ತಮ್ಮ ಗುರು ಯಾರು ಎಂದು ಕೇಳಿ ಅವನಿಗೇ ಒಂದು ಕಾಗದವನ್ನೂ ಹಾಕಿದ್ದೇನೆ. ಕಲ್ಕತ್ತೆಯ ಗಲಭೆಯಲ್ಲಿ ಅದು ತಲುಪಿತೋ ಇಲ್ಲವೋ.

ನಿನ್ನಿಂದ ಒಂದು ಉಪಕಾರವಾಗಬೇಕು. ಇದರ ಜೊತೆ ಇಟ್ಟಿರುವ 'ಭಸ್ಮ ಮಹಿಮೆ' ಎಂಬ ಪ್ರಬಂಧದಲ್ಲಿ ದಕ್ಷಿಣ ಚೀನಾದ ಯಾವುದೋ ಕಬ್ಬಿಣದ ಊರಿನ ವರ್ಣನೆ ಬರುತ್ತದೆ. ನೀನು ಎರಕದ ಶೆಡ್ಡಿನ ಗುಮಾಸ್ತ. ಕುಲುಮೆಯ ಮಾತುಗಳೇನಾದರೂ ತಪ್ಪಿದ್ದರೆ ತಿದ್ದಿ ಕಳಿಸು.

ಇಂತು ನಿನ್ನ,
ಹೊನ್ನಯ್ಯ


ಭದ್ರಾವತಿ
15-9-1946

ಹೊನ್ನಯ್ಯ ಮೇಷ್ಟ್ರಿಗೆ ಸುಬ್ಬಪ್ಪನ ನಮಸ್ಕಾರ.

ಎಣ್ಣೆ ಮುಗಿದಿದೆ, ಕಳಿಸು. ಬೆನ್ನು ಹಾಗೇ ಇದೆ.

ನಿನ್ನ 'ಭಸ್ಮ ಮಹಿಮೆ'ಯನ್ನು ಮೂರು ಸಲ ಓದಿದೆ. ಕುಲುಮೆಯ ಮಾತು ಎರಡು ತಪ್ಪಿದ್ದವು, ತಿದ್ದಿದ್ದೇನೆ. ಆದರೆ ಮಾರಾಯ, ತಪ್ಪಿರುವುದು ಅಲ್ಲಲ್ಲ. ನಿನ್ನ ಸಾಲನ್ನೇ ನಿನಗೆ ಓದಿ ಹೇಳುತ್ತೇನೆ, ಕೇಳು: "ಪುಣ್ಯನದಿಯ ಪುಲಿನದಲ್ಲಿ, ಬಾಲಸೂರ್ಯನಂತೆ ಬೆಳಗುವ ಮುಖಮಂಡಲದ ವೃದ್ಧ ತಪಸ್ವಿಯೊಬ್ಬನು, ಇತರರು ಅಶುಚಿಯೆಂದು ತ್ಯಜಿಸಿದ ನನ್ನ ಭಿಕ್ಷಾಪಾತ್ರೆಯನ್ನು ಪವಿತ್ರ ಭಸ್ಮದಿಂದ ಶುದ್ಧಿಗೊಳಿಸಿ, ಅದರಲ್ಲಿಯೇ ತಾನೂ ಪ್ರಸಾದವನ್ನು ಸ್ವೀಕರಿಸಿದನು."

ಇದು ಚೀನಾ ಅಲ್ಲ. ಇದು ನಮ್ಮ ಊರು. ಪುಣ್ಯನದಿ ಎಂದರೆ ನಮ್ಮ ಭದ್ರೆ. ಆ ತಟ್ಟೆ ತೊಳೆದ ದಿನ ನಾನು ಅಲ್ಲೇ ಇದ್ದೆ.

ಯುದ್ಧದ ಕಾಲದಲ್ಲಿ, ನಲವತ್ತೆರಡರಲ್ಲಿ, ರಂಗೂನು ಬಿದ್ದ ಮೇಲೆ ಒಬ್ಬ ಚೀನೀಯವನು ನಡೆದುಕೊಂಡು ಇಂಡಿಯಾಕ್ಕೆ ಬಂದು, ಹೇಗೋ ನಮ್ಮ ಎರಕದ ಶೆಡ್ಡಿಗೆ ಸೇರಿದ್ದ. ಅಚ್ಚಿಗೆ ಮರದ ನಮೂನೆ ಮಾಡುವ ಕೆಲಸ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಾವು ಕರೆಯುತ್ತಿದ್ದುದು ರಂಗೂನ್ ಚೀನಿ ಎಂದು. ಎರಡು ವರ್ಷ ಇದ್ದು ಕಲ್ಕತ್ತೆಗೆ ಹೋದ. ನಿನ್ನ ಫಾಂಗ್ ಯೂನ್ ಅವನೇ ಇರಬೇಕು.

ನಾನು ಹೆಂಡತಿ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಮೇಸ್ತ್ರಿಯಮ್ಮನ ಮನೆಯಲ್ಲಿ ಊಟ ಮಾಡುವುದು ನಿನಗೆ ಗೊತ್ತು. ಗಂಡ ಎರಕದ ಮೇಸ್ತ್ರಿಯಾಗಿದ್ದ, ಜ್ವರದಲ್ಲಿ ಹೋದ. ಆಮೇಲೆ ಹೊಟ್ಟೆಪಾಡಿಗೆ ಕೆಲಸಗಾರರಿಗೆ ಅಡಿಗೆ ಮಾಡಿ ಹಾಕುತ್ತಾಳೆ. ಚೀನಿ ಮೊದಲ ದಿನ ಊಟಕ್ಕೆ ಬಂದಾಗ ಪಂಕ್ತಿಯಲ್ಲಿದ್ದವರು ಎದ್ದು ದೂರ ಕೂತರು. ಹಾವು ತಿನ್ನುವವನ ತಟ್ಟೆ ನಮ್ಮ ತಟ್ಟೆಯ ಜೊತೆ ಬೆರೆಯಬಾರದು ಎಂದರು. ಎದ್ದು ದೂರ ಕೂತವರಲ್ಲಿ ನಾನೂ ಒಬ್ಬ, ಸುಳ್ಳು ಹೇಳುವುದಿಲ್ಲ. ಮೇಸ್ತ್ರಿಯಮ್ಮ ಅವನು ಉಂಡ ತಟ್ಟೆಯನ್ನು ಒಲೆಯ ಬೂದಿ ಹಾಕಿ ತಿಕ್ಕಿದಳು. ನಮ್ಮೆಲ್ಲರ ಎದುರಿಗೆ ಅದರಲ್ಲೇ ಅನ್ನ ಹಾಕಿಕೊಂಡು ಉಂಡಳು. ಮಾರನೆಯ ದಿನದಿಂದ ಯಾರೂ ತಟ್ಟೆಯ ಮಾತೆತ್ತಲಿಲ್ಲ.

ಅಲ್ಲಿ ತಪಸ್ವಿಯೂ ಇರಲಿಲ್ಲ, ಬಾಲಸೂರ್ಯನೂ ಇರಲಿಲ್ಲ. ಸಿಡುಬಿನ ಕಲೆಯಿರುವ ಮುಖದ ಒಬ್ಬ ಹೆಂಗಸು, ಬೆವರುತ್ತಾ ಕೂತಿದ್ದಳು. ಇಂಗ್ಲಿಷಿನಲ್ಲಿ ನಿಜವಾಗಿ ಏನಿದೆ? ಆ ಪುಟ ಕಳಿಸು. ನೀನೂ ಒಂದು ಸಲ ಬಾ, ಆ ಮಹಾತಾಯಿಯನ್ನು ನೋಡುವೆಯಂತೆ. ಎಷ್ಟು ವರ್ಷದಿಂದ ಕರೆದರೂ ಭದ್ರಾವತಿಯ ಹೊಗೆ ಆಗುವುದಿಲ್ಲ ಎನ್ನುತ್ತೀಯ. ಒಂದು ದಿನದ ಹೊಗೆಗೆ ಯಾರೂ ಸಾಯುವುದಿಲ್ಲ.

ನಿನ್ನ,
ಸುಬ್ಬಪ್ಪ


ಶಿವಮೊಗ್ಗ
18-9-1946

ಸುಬ್ಬಪ್ಪನಿಗೆ,

ಇಂಗ್ಲಿಷ್ ಪುಟ ಇದರ ಜೊತೆಗಿದೆ. ಓದಿ ತಪ್ಪದೆ ಹಿಂತಿರುಗಿಸು, ಅದು ವಾಚನಾಲಯದ್ದು.

ಮೂಲದಲ್ಲಿ ಅಡಿಗೆಯವಳು ಎಂದೇ ಇದೆ, ಒಪ್ಪುತ್ತೇನೆ. ಅನುವಾದದಲ್ಲಿ ಔಚಿತ್ಯ ಎಂಬುದೊಂದಿದೆ. ಪಾತ್ರೆ ತಿಕ್ಕುವವಳನ್ನು ಗುರು ಎಂದು ಬರೆದರೆ ನಮ್ಮ ಓದುಗರು ನಗುತ್ತಾರೆ. ಹಾಗಾಗಿ ಆ ಭಾಗವನ್ನು ಸ್ವಲ್ಪ ಎತ್ತರಿಸಿದೆ. ಅದರಲ್ಲಿ ತಪ್ಪೇನೂ ಇಲ್ಲ.

ನಿನ್ನ ಮೇಸ್ತ್ರಿಯಮ್ಮನ ಹೆಸರೇನು? ಯಾವ ಊರಿನವಳು? ಗಂಡ ಯಾವ ಕಡೆಯವನು? ಅವಳಿಗೆ ಈ ವಿಷಯ ಏನೂ ಹೇಳಬೇಡ. ನನ್ನ ಹೆಸರಂತೂ ಬೇಡವೇ ಬೇಡ. ಎಣ್ಣೆ ಕಳಿಸಿದ್ದೇನೆ.

ಹೊನ್ನಯ್ಯ


ಭದ್ರಾವತಿ
29-9-1946

ಹೊನ್ನಯ್ಯ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ. ಹತ್ತು ದಿನದಿಂದ ಈ ಕಾಗದ ಶುರುಮಾಡಿ ಹರಿಯುತ್ತಿದ್ದೇನೆ.

ನಿನ್ನ ಕಾಗದ ಬರುವುದಕ್ಕೆ ಮೊದಲೇ ನಾನು ಅವಳಿಗೆ ಹೇಳಿಬಿಟ್ಟಿದ್ದೆ. ಸಂತೋಷದ ಸುದ್ದಿ ಎಂದುಕೊಂಡು ಹೇಳಿದೆ. "ಮೇಸ್ತ್ರಿಯಮ್ಮ, ನಿಮ್ಮ ರಂಗೂನ್ ಚೀನಿ ನಿಮ್ಮ ಮೇಲೆ ಬರೆದಿದಾನೆ. ಶಿವಮೊಗ್ಗದಲ್ಲಿ ನನ್ನ ಸ್ನೇಹಿತ, ಹೊನ್ನಯ್ಯ ಮೇಷ್ಟ್ರು ಅಂತ, ಅದನ್ನ ಕನ್ನಡಕ್ಕೆ ಮಾಡಿದಾರೆ" ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. "ಯಾವ ಹೊನ್ನಯ್ಯ?" ಎಂದಳು.

ನಾನು ನಿನ್ನ ಊರು ಹೇಳಿದೆ.

"ಎಡಗೈಲಿ ಬರೀತಾನಾ?"

"ಹೌದು. ನಿಮಗೆ ಹೆಂಗೆ ಗೊತ್ತು?"

ಬಿಡಿಸಿದ ಸೊಪ್ಪನ್ನು ಮೊರದ ಒಂದು ಕಡೆಗೆ ಸರಿಸಿದಳು. ಆಮೇಲೆ, "ಅವನು ನನ್ನ ತಮ್ಮ. ಮೇಷ್ಟ್ರಾದ್ನಾ? ಆಗ್ತಾನೆ ಅಂತ ನಂಗೆ ಗೊತ್ತಿತ್ತು" ಎಂದು ಮತ್ತೆ ಸೊಪ್ಪಿಗೆ ಕೈಹಾಕಿದಳು.

ಅವಳ ಹೆಸರು ಕಲ್ಲಮ್ಮ. ಗಂಡನ ಹೆಸರು ಗೋವಿಂದ, ಸೇಲಂ ಕಡೆಯವನು. ನೀನು ಕೇಳಿದ್ದೆಯಲ್ಲ, ಅದಕ್ಕೆ ಬರೆದೆ. ಕೇಳುವಾಗಲೇ ನಿನಗೆ ಗೊತ್ತಿತ್ತು ಎಂದು ಈಗ ಅರ್ಥವಾಗುತ್ತಿದೆ.

ಹೊನ್ನಯ್ಯ, ಇಪ್ಪತ್ನಾಲ್ಕನೆಯ ಇಸವಿಯಲ್ಲಿ ನಾನು ಒಮ್ಮೆಯೂ ನೋಡಿರದ ನಿನ್ನ ವಿಧವೆ ಅಕ್ಕ ದಾವಣಗೆರೆಯಲ್ಲಿ ಯಾರದೋ ಮನೆಗೆ ಹೋಗಿದ್ದವಳು ಪ್ಲೇಗಿನಲ್ಲಿ ಸತ್ತಳು, ಅಲ್ಲೇ ಸುಟ್ಟರು ಎಂದು ನೀನು ನನಗೆ ಹೇಳಿದೆ. ನಾನು ನಿನ್ನ ಹೆಗಲ ಮೇಲೆ ಕೈಹಾಕಿ ಕೂತೆ. ಹನ್ನೊಂದನೆಯ ದಿನದ ಊಟಕ್ಕೆ ನಿಮ್ಮೂರಿಗೆ ಬಂದೆ. ನಿಮ್ಮವ್ವ ಕಂಬಕ್ಕೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು, ನೀನು ಅವಳ ಕೈ ಹಿಡಿದುಕೊಂಡಿದ್ದೆ. ಆ ಊಟ ನಾನು ಉಂಡೆ. ಆಮೇಲೆ ಹನ್ನೊಂದು ವರ್ಷ ಸತ್ತವಳ ಕೈಯ ಅನ್ನವನ್ನೂ ಉಂಡೆ. ಯಾವುದನ್ನು ಕಕ್ಕಲಿ?

ತಿಥಿಯ ವಿಷಯ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮೊನ್ನೆ ಬುಧವಾರ ಮಹಾಲಯ ಅಮಾವಾಸ್ಯೆ ಆಯಿತು. ನಿಮ್ಮ ಮನೆಯಲ್ಲಿ ಪದ್ಮಮ್ಮ ಹಿರಿಯರಿಗೆ ಎಡೆ ಇಟ್ಟಾಗ ಇವಳಿಗೂ ಒಂದು ಇಟ್ಟಿರಬೇಕಲ್ಲವೇ? ಆ ಹೊತ್ತಿನಲ್ಲಿ ಇವಳು ಇಲ್ಲಿ ಇಪ್ಪತ್ತು ಜನಕ್ಕೆ ಹುಳಿ ಬಡಿಸುತ್ತಿದ್ದಳು.

ಉತ್ತರ ಬರೆ. ಬರೆಯದಿದ್ದರೆ ನಾನೇ ಬಂದು ನಿನ್ನ ಹೆಂಡತಿಯ ಎದುರಿಗೆ ಕೇಳುತ್ತೇನೆ.

ಸುಬ್ಬಪ್ಪ


ಶಿವಮೊಗ್ಗ
6-10-1946

ಸುಬ್ಬಪ್ಪನಿಗೆ,

ನೀನು ಬರಬೇಡ. ಬರೆಯುತ್ತೇನೆ.

ನಮ್ಮಲ್ಲಿ ಗಂಡ ಸತ್ತವಳು ಕೂಡಿಕೆ ಮಾಡಿಕೊಳ್ಳುವುದು ಹಿಂದಿನಿಂದ ಬಂದದ್ದು, ನಿನಗೂ ಗೊತ್ತು. ಊರ ಹಿರಿಯರು ಸೀರೆ ಕೊಡಿಸಿ ಎರಡನೆಯವನ ಮನೆಗೆ ಕಳಿಸುತ್ತಿದ್ದರು. ಆದರೆ ಆ ಕಾಲಕ್ಕೆ ನಮ್ಮಲ್ಲಿ ನಾಲ್ಕಕ್ಷರ ಕಲಿತವರೆಲ್ಲ ಅದನ್ನು ಬಿಡುತ್ತಾ ಬಂದಿದ್ದರು. ನನಗೆ ಮೇಷ್ಟ್ರ ಕೆಲಸ ಸಿಗುವುದರಲ್ಲಿತ್ತು. ದುರ್ಗಿಗುಡಿಯಲ್ಲಿ ಬ್ರಾಹ್ಮಣರ ಬೀದಿಯ ಪಕ್ಕ ಬಾಡಿಗೆಗೆ ಮನೆ ಕೊಡಲು ಒಪ್ಪಿದ್ದರು. ಪದ್ಮಮ್ಮನ ಮನೆಯವರು ಸಂಬಂಧ ನೋಡಲು ಬರುವವರಿದ್ದರು. ಆಗ ಅಕ್ಕ ಬೇರೆ ಜಾತಿಯ, ಬೇರೆ ಭಾಷೆಯ ಎರಕದವನನ್ನು ಕೂಡಿಕೊಂಡು ಹೊರಟುಹೋದಳು.

ಸತ್ತಳು ಎಂದು ಹೇಳಿಸಿದ್ದು ಅವ್ವ. "ಅವಳ ಮುಖ ಇನ್ನು ನೋಡುವುದಿಲ್ಲ, ಅವಳು ಸತ್ತಳು ಎಂದೇ ಊರಿಗೆ ಹೇಳು" ಎಂದಳು. ನಾನು ಇಪ್ಪತ್ತರ ಹುಡುಗ, ಅವ್ವನ ಮಾತು ಮೀರಲಾಗಲಿಲ್ಲ. ಊರಿನ ಕಣ್ಣಿಗೆ ಅವ್ವ ಅತ್ತಳು. ಅವಳು ತೀರಿಕೊಂಡು ಎಂಟು ವರ್ಷವಾಯಿತು. ಸತ್ತವಳ ಮೇಲೆ ದೂರು ಹೇಳುವುದು ನನಗೂ ಇಷ್ಟವಿಲ್ಲ, ನೀನು ಕೇಳಿದ್ದಕ್ಕೆ ಹೇಳಿದೆ.

ಇದನ್ನು ನಿನ್ನಲ್ಲೇ ಇಟ್ಟುಕೋ. ಸಂಘದ ಸಭೆಗೆ ಮೂರು ವಾರವಿದೆ. ಆ ಪ್ರಬಂಧದಲ್ಲಿ ತಪಸ್ವಿ ಎಂದೇ ಇರಲಿ. ಯಾರಿಗೂ ನಷ್ಟವಿಲ್ಲ.

ಹೊನ್ನಯ್ಯ


ಕಲ್ಕತ್ತಾ
12-10-1946

ಮಾನ್ಯ ಹೊನ್ನಯ್ಯನವರಿಗೆ,

ನಿಮ್ಮ ಪತ್ರ ತಡವಾಗಿ ಸಿಕ್ಕಿತು. ನಮ್ಮ ಬೀದಿಯಲ್ಲಿ ಹದಿನೈದು ದಿನ ಯಾರೂ ಬಾಗಿಲು ತೆರೆಯಲಿಲ್ಲ. ಅಂಚೆಯವನೂ ಬರಲಿಲ್ಲ.

ನನ್ನ ಮೇಲೆ ಪ್ರಭಾವ ಬೀರಿದವರೆಂದು ನೀವು ಒಂಬತ್ತು ಹೆಸರು ಬರೆದಿದ್ದೀರಿ. ಅದರಲ್ಲಿ ಆರನ್ನು ನಾನು ಓದಿಲ್ಲ. ನನ್ನ ಅಜ್ಜಿ ಬಟಾಣಿ ಸುಲಿಯುತ್ತಾ ಬುದ್ಧನ ಹೆಸರು ಹೇಳುತ್ತಿದ್ದಳು. ಅಪ್ಪನಿಗೆ ನಮ್ಮ ಹಳೆಯ ಜ್ಞಾನಿಗಳ ಮಾತು ಬಾಯಿಪಾಠವಿತ್ತು. ಮಿಷನ್ ಶಾಲೆಯಲ್ಲಿ ಹಾಡು ಕಲಿಸಿದರು. ಇವೆಲ್ಲ ನನ್ನಲ್ಲಿವೆ. ಆದರೆ ರಂಗೂನಿನಿಂದ ನಡೆದು ಬರುವ ದಾರಿಯಲ್ಲಿ ಹೆಂಡತಿ ಮಗುವನ್ನು ಕಳೆದುಕೊಂಡೆ. ಆಗ ಇವುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ.

ಆಮೇಲೆ ನಿಮ್ಮ ಸೀಮೆಯ ಭದ್ರಾವತಿಗೆ ಬಂದೆ. ನನಗೆ ಕಲಿಸಿದವಳು ಅಲ್ಲಿನ ಒಬ್ಬ ಅಡಿಗೆಯವಳು. ಅವಳ ಭಾಷೆ ನನಗೆ ಬರುತ್ತಿರಲಿಲ್ಲ. ಬೆರಳು ಮಾಡಿ ತೋರಿಸಬಹುದಾದ ಮಾತುಗಳನ್ನು ಮಾತ್ರ ಕಲಿಸಿದಳು. ಅನ್ನ, ಬೂದಿ, ಬಾ, ಕೂರು. ಎರಡು ವರ್ಷ ಅಷ್ಟರಲ್ಲೇ ಮಾತಾಡಿದೆವು. ನನ್ನ ಶೈಲಿ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಅಲ್ಲಿಂದ ಬಂತು.

ತಟ್ಟೆಯ ವಿಷಯ ಬರೆದಿದ್ದೇನೆ. ಆ ಪ್ರಬಂಧದಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ನೀವು ಕೇಳಿದ್ದರಿಂದ ಹೇಳುತ್ತೇನೆ. ನನ್ನ ತಟ್ಟೆಯಲ್ಲಿ ಉಂಡೆಯಲ್ಲ, ಹೇಸಿಗೆಯಾಗಲಿಲ್ಲವೇ ಎಂದು ಬಹಳ ದಿನಗಳ ಮೇಲೆ ಕೇಳಿದೆ. ಅವಳು ತನ್ನ ಮುಖದ ಕಲೆಗಳನ್ನು ತೋರಿಸಿದಳು. ಉಳಿದದ್ದನ್ನು ಕೈಸನ್ನೆಯಲ್ಲಿ, ಬೆರಳು ಎಣಿಸಿ ತಿಳಿಸಿದಳು. ಅವಳ ತಮ್ಮನಿಗೆ ಆರು ವರ್ಷವಿದ್ದಾಗ ಸಿಡುಬು ಬಂದಿತ್ತು. ಅವನನ್ನು ಬೇರೆ ಕೋಣೆಯಲ್ಲಿ ಇಟ್ಟರು. ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದರು. ಹುಡುಗ ಒಬ್ಬನೇ ಉಣ್ಣುವುದಿಲ್ಲ ಎಂದು ಅತ್ತ. ಅವಳು ಹತ್ತು ವರ್ಷದವಳು. ಒಳಗೆ ಹೋಗಿ ಅವನ ತಟ್ಟೆಯಲ್ಲೇ ಅವನ ಜೊತೆ ಉಂಡಳು. ಅವಳಿಗೂ ಬಂತು. ಇಬ್ಬರೂ ಉಳಿದರು. ಅಂದಿನಿಂದ ನನಗೆ ಯಾರ ತಟ್ಟೆಯೂ ಹೇಸಿಗೆಯಲ್ಲ ಎಂದಳು.

ನಿಮ್ಮ ಪಟ್ಟಿಯಲ್ಲಿ ಒಂಬತ್ತು ಹೆಸರಿದೆ. ಆ ಹುಡುಗನನ್ನೂ ಸೇರಿಸಿಕೊಳ್ಳಿ. ಅವನು ಅಳದಿದ್ದರೆ ನಾನು ಬರೆಯುತ್ತಿರಲಿಲ್ಲ. ಅವನ ಹೆಸರು ಅವಳು ಹೇಳಲಿಲ್ಲ. ಈಗ ಎಲ್ಲಿದ್ದಾನೆ ಎಂದು ಕೇಳಿದೆ. ಚೆನ್ನಾಗಿದ್ದಾನೆ ಎಂದಳು.

ನಿಮ್ಮ,
ಫಾಂಗ್ ಯೂನ್


ಭದ್ರಾವತಿ
3-11-1946

ಹೊನ್ನಯ್ಯ,

ಚೀನಿಯ ಇಂಗ್ಲಿಷ್ ಕಾಗದವನ್ನು ಒಂದು ಮಾತೂ ಬರೆಯದೆ ನನಗೆ ಕಳಿಸಿದ್ದೀಯ. ಲಕೋಟೆಯ ಒಳಗೆಲ್ಲ ಹುಡುಕಿದೆ. ಸಂಘದ ಸಭೆಗೆ ನೀನು ಹೋಗಲೇ ಇಲ್ಲವಂತೆ, ಶಂಕರನಾರಾಯಣರು ಕಾದು ಕಾದು ಬೇರೆ ಯಾರಿಂದಲೋ ಭಾಷಣ ಮಾಡಿಸಿದರಂತೆ, ರೈಲಿನಲ್ಲಿ ಸಿಕ್ಕವರು ಹೇಳಿದರು.

ನಾನು ಕಲ್ಲಮ್ಮನಿಗೆ ಎಲ್ಲವನ್ನೂ ಹೇಳಿದೆ. ತಿಥಿಯ ವಿಷಯ, ನಿಮ್ಮವ್ವನ ವಿಷಯ ನೀನು ಬರೆದದ್ದು, ಎಲ್ಲ. ನಿಮ್ಮವ್ವ ಊರಿನ ಕಣ್ಣಿಗೆ ಅತ್ತಳು ಎಂದು ಬರೆದಿದ್ದೀಯ. ಆ ಅಳುವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ಕೆಳಗಿರುವುದು ಅವಳು ಹೇಳಿ ಬರೆಸಿದ್ದು. ನನ್ನ ಮಾತು ಒಂದೂ ಸೇರಿಸಿಲ್ಲ.

"ಹೊನ್ನಂಗೆ ಅಕ್ಕ ಹೇಳಿ ಬರೆಸೋದು. ಚೆನ್ನಾಗಿದೀಯಾ? ಮಕ್ಕಳೆಷ್ಟು?

ಸತ್ತೆ ಅಂದ್ಯಂತೆ. ಅಂದ್ಕೋ, ನನಗೇನೂ ಆಗ್ಲಿಲ್ಲ. ಬದುಕಿದೀನಲ್ಲ. ಬೇಜಾರಾಯ್ತು, ಇಲ್ಲ ಅನ್ನಲ್ಲ. ಎರಡು ದಿನ ಅಡಿಗೆ ಮಾಡ್ಲಿಲ್ಲ, ಎಲ್ರೂ ಹೋಟ್ಲಿಗೆ ಹೋದ್ರು.

ಒಂದೇ ಒಂದು ಕೇಳ್ತೀನಿ. ನಾನು ಇಲ್ಲಿಗೆ ಬಂದು ಒಂದು ತಿಂಗಳಿಗೆ ನೀನು ಬಂದಿದ್ದೆ. ಒಳಗೆ ಬರ್ಲಿಲ್ಲ. ಬಾಗಿಲಲ್ಲಿ ನಿಂತು, ಅವ್ವ ನಿನ್ನ ಮೊಕ ನೋಡಲ್ಲ ಅಂದಿದಾಳೆ, ಊರ ಕಡೆ ತಲೆ ಹಾಕ್ಬೇಡ ಅಂದೆ. ಮೊಕ ತೊಳ್ಕೊಂಡು ಹೊಸ ಸೀರೆ ಉಟ್ಕೊಂಡು ಓಡಿ ಬಂದಿದ್ದೆ ನಾನು, ಅವ್ವನೂ ಬಂದಿದಾಳೆ ಅಂತ.

ಅವ್ವ ಹೋದ್ಲು ಅಂತ ಕಡ್ಲೆಕಾಯಿ ಮಾರೋಳೊಬ್ಬಳ ಬಾಯಲ್ಲಿ ಕೇಳ್ದೆ. ನಾನ್ಯಾರು ಅಂತ ಅವಳಿಗೆ ಗೊತ್ತಿಲ್ಲ. ಆಗ್ಲೇ ತಿಂಗಳಾಗಿತ್ತು. ಮೊಕ ನೋಡಲ್ಲ ಅಂದೋಳಿಗೆ ನಾನ್ಯಾಕೆ ಅಳ್ಲಿ ಅಂತ ಅಳ್ಲಿಲ್ಲ. ಅವತ್ತು ಎಲ್ರಿಗೂ ಬಡಿಸಿ ನಾನೂ ಉಂಡೆ. ಈಗ್ಲೂ ಅವ್ವನ್ನ ನೆನೆಸ್ಕೊಂಡ್ರೆ ಸಿಟ್ಟೇ ಬರೋದು.

ಅವ್ವ ನಿಜವಾಗ್ಲೂ ಹಂಗಂದ್ಲಾ? ಅಂದಿದ್ರೆ ಅಂದ್ಲು ಅಂತ ಬರಿ. ಬೇರೆ ಏನೂ ಬೇಡ."

ಇಷ್ಟೇ ಅವಳು ಹೇಳಿದ್ದು.

ಸುಬ್ಬಪ್ಪ


ಶಿವಮೊಗ್ಗ
12-11-1946

ಅಕ್ಕಾ,

ಇದನ್ನು ಸುಬ್ಬಪ್ಪ ನಿನಗೆ ಓದಿ ಹೇಳುತ್ತಾನೆ. ಅವನೂ ಕೇಳಬೇಕಾದದ್ದೇ ಇದರಲ್ಲಿದೆ.

ಅವ್ವ ಹಾಗೆ ಅನ್ನಲಿಲ್ಲ. ನಾನು ಅಂದೆ.

ನೀನು ಹೋದ ದಿನ ಅವ್ವ ಅತ್ತಳು. ಮೂರ್ನಾಲ್ಕು ವಾರ ಕಳೆದ ಮೇಲೆ, "ಒಳ್ಳೆಯವನಾದ್ರೆ ಆಯ್ತು ಬಿಡು, ಹಿರಿಯರಿಗೆ ಹೇಳಿ ಸೀರೆ ಕೊಡಿಸೋಣ, ಇಬ್ರನ್ನೂ ಕರ್ಕೊಂಡು ಬಾ" ಎಂದಳು. ಕರೆದುಕೊಂಡು ಬಾ ಎಂದೇ ನನ್ನನ್ನು ಭದ್ರಾವತಿಗೆ ಕಳಿಸಿದಳು. ರೈಲಿನ ಹಣ ಅವ್ವನೇ ಕೊಟ್ಟಳು. ನಾನು ಬಂದೆ. ನೀನು ಹೊಸ ಸೀರೆ ಉಟ್ಟು ಓಡಿ ಬಂದದ್ದನ್ನು ನೋಡಿದೆ. ಬಾಗಿಲಲ್ಲಿ ನಿಂತು ಆ ಮಾತು ಹೇಳಿದೆ.

ಊರಿಗೆ ವಾಪಸು ಹೋದೆ. ಅಕ್ಕ ಭದ್ರಾವತಿಯಲ್ಲಿಲ್ಲ, ದಾವಣಗೆರೆಗೆ ಹೋಗಿದ್ದಾಳಂತೆ ಎಂದೆ. ವಾರ ಬಿಟ್ಟು ಪ್ಲೇಗಿನಲ್ಲಿ ಸತ್ತಳಂತೆ ಎಂದೆ. ಅವ್ವ ನಂಬಿದಳು. ನಾನು ಓದಿದವನು, ನಂಬದೆ ಏನು ಮಾಡುತ್ತಾಳೆ.

ಎಲ್ಲವನ್ನೂ ನಾನೊಬ್ಬನೇ ಮಾಡಿದೆ. ಮದುವೆಯ ಸಂಬಂಧ ತಪ್ಪಬಾರದು ಎಂದು ಮಾಡಿದೆ. ಬಾಡಿಗೆಯ ಮನೆ ತಪ್ಪಬಾರದು ಎಂದು ಮಾಡಿದೆ. ಬೇರೆ ಕಾರಣವಿರಲಿಲ್ಲ.

ಚೀನಿಯವನು ಬರೆದ, ನಮ್ಮ ಸಿಡುಬಿನ ದಿನದ ತಟ್ಟೆಯ ಮಾತು ನನಗೆ ಮರೆತುಹೋಗಿತ್ತು ಎಂದು ಸುಬ್ಬಪ್ಪನಿಗೆ ಬರೆಯಲು ಕೂತಿದ್ದೆ. ಮರೆತಿರಲಿಲ್ಲ. ಅದಕ್ಕೇ ಆ ಲಕೋಟೆಯಲ್ಲಿ ಏನೂ ಬರೆಯಲಿಲ್ಲ.

ನಾಲ್ಕು ದಿನದ ಹಿಂದೆ ಪದ್ಮಮ್ಮನಿಗೆ ಹೇಳಿದೆ. "ಅತ್ತೆ ಹೋದ ಮೇಲೆ ಎಂಟು ವರ್ಷ ಬದುಕಿದ್ದೋರಿಗೆ ನನ್ನ ಕೈಲಿ ಎಡೆ ಇಡಿಸಿದ್ರಲ್ಲ" ಎಂದಳು. ಆಮೇಲೆ ಮಾತಾಡಿಲ್ಲ. ಮಕ್ಕಳು ಇಬ್ಬರು, ಒಂದು ಗಂಡು ಒಂದು ಹೆಣ್ಣು. ಅವರಿಗೂ ಹೇಳಿದೆ.

ಭಾನುವಾರ ಬೆಳಿಗ್ಗೆಯ ಗಾಡಿಗೆ ಬರುತ್ತೇನೆ. ನೀನು ಬೇಡವೆಂದರೆ ಸುಬ್ಬಪ್ಪನ ಕೈಲಿ ಹೇಳಿಸಬೇಡ. ನಾನು ಬಂದು ನಿಂತಾಗ ನೀನೇ ಹೇಳು.

ಅವ್ವನ ಮೇಲೆ ಸಿಟ್ಟು ಎಂದೆಯಲ್ಲ. ಅದಕ್ಕೆ ಇನ್ನೊಂದು ಹೇಳಬೇಕು. ಹದಿನಾಲ್ಕು ವರ್ಷ ಅವ್ವ ಪ್ರತಿ ಮಹಾಲಯ ಅಮಾವಾಸ್ಯೆಗೆ ನಿನಗೆ ಎಡೆ ಇಟ್ಟಳು. ನಿನ್ನದನ್ನು ಅಪ್ಪನ ಎಡೆಯ ಪಕ್ಕದಲ್ಲಿ ಇಡುತ್ತಿದ್ದಳು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂರುತ್ತಿದ್ದೆವು. ಅವ್ವ ಬಾಗಿಲಿಗೆ ಕಿವಿ ಇಟ್ಟು ಕೇಳುತ್ತಿದ್ದಳು. "ಸದ್ದಾಯ್ತಾ ಹೊನ್ನ? ಕಲ್ಲಿ ಬಂದ್ಲಾ?" ಎಂದು ನನ್ನನ್ನು ಕೇಳುತ್ತಿದ್ದಳು.

ಬಂದಳು ಅವ್ವ, ಎಂದು ನಾನು ಹೇಳುತ್ತಿದ್ದೆ.

ನಿನ್ನ ತಮ್ಮ,
ಹೊನ್ನ